ಸೌಡಿ ಇಲ್ಲದ ನಾಲೆ

ಅವರು ತೀರಿಕೊಂಡು ಇಂದಿಗೆ ಇಪ್ಪತ್ತಮೂರು ದಿನ. ಅಷ್ಟರಲ್ಲಿ ನಾಲ್ಕು ಸಲ ಮಳೆ ಬಂದಿದೆ. ನಾಲ್ಕು ಸಲವೂ ನಾನು ಮಾಡುತ್ತಿದ್ದ ಕೆಲಸ ಬಿಟ್ಟು, ಒಮ್ಮೆ ಊಟದ ತಟ್ಟೆಯನ್ನೇ ಬಿಟ್ಟು, ಮನೆಯ ಹಿಂದಿನ ನಾಲೆಯ ಏರಿ ಹತ್ತಿ ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡಿ ಬಂದೆ. ನನಗೆ ಈಗ ಮಳೆಯೆಂದರೆ ಭಯ. ಬೇಸಾಯದ ಊರಿನಲ್ಲಿ ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಅವರ ವಿಷಯ ಬರೆಯಬೇಕಾದರೆ ಇದನ್ನು ಮುಚ್ಚಿಡುವಂತಿಲ್ಲ.

ಊರು ಅವರನ್ನು ಸೌಡಿ ಎಂದೇ ಕರೆಯುತ್ತಿತ್ತು. ನಾಲೆಯ ಸರ್ಕಾರಿ ನೌಕರರಲ್ಲಿ ಕಟ್ಟಕಡೆಯವನು ಸೌಡಿ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹೋಗಬೇಕೆಂದು ನೋಡಿಕೊಳ್ಳುವುದು ಅವನ ಕೆಲಸ. ಭಾರತೀನಗರದಿಂದ ಒಳಗೆ ಬಂದರೆ ಸಿಗುವ ನಮ್ಮೂರಿನ ಉಪನಾಲೆಗೆ ಹದಿನಾಲ್ಕು ತೂಬುಗಳಿವೆ. ಮೂವತ್ತು ವರ್ಷಕ್ಕೂ ಮೇಲೆ ಆ ಹದಿನಾಲ್ಕನ್ನೂ ಅವರೊಬ್ಬರೇ ನೋಡಿಕೊಂಡರು.

ಸಣಕಲು ಆಳು. ಖಾಕಿ ಅಂಗಿ, ಮೊಣಕಾಲಿಗೆ ಮಡಿಸಿ ಕಟ್ಟಿದ ಪಂಚೆ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಸೈಕಲ್ ತಳ್ಳಿಕೊಂಡು ನಮ್ಮ ಮನೆಯ ಹಿಂದಿನ ಏರಿಯ ಮೇಲೆ ಬರುತ್ತಿದ್ದರು. ತೂಬು ತಿರುಗಿಸುವ ಕಬ್ಬಿಣದ ಹಿಡಿ ಸೈಕಲ್ಲಿನ ದಂಡಕ್ಕೆ ಕಟ್ಟಿರುತ್ತಿತ್ತು. ನಾಲೆಯ ಪಕ್ಕದ ಹೊಂಗೆಯಿಂದ ಒಂದು ಎಲೆ ಕಿತ್ತು ನೀರಿಗೆ ಹಾಕಿ, ಅದರ ಜೊತೆಗೇ ಹೆಜ್ಜೆ ಎಣಿಸುತ್ತಾ ನಡೆಯುವರು. ಎಲೆ ಅವರಿಗಿಂತ ಮುಂದೆ ಹೋದರೆ ಒಂದು ಲೆಕ್ಕ, ಹಿಂದುಳಿದರೆ ಇನ್ನೊಂದು. ಆಮೇಲೆ ಬಗ್ಗಿ ಮೊಣಕೈವರೆಗೆ ನೀರಿಗೆ ಕೈಬಿಟ್ಟು ಸುಮ್ಮನೆ ಕೂತಿರುವರು. ಒಮ್ಮೆ ಏನು ನೋಡ್ತೀಯ ಎಂದು ಕೇಳಿದ್ದಕ್ಕೆ, "ಮ್ಯಾಲೆ ಯಾರೋ ಕದ್ದವ್ರೆ ಸಾ" ಎಂದರು. ಹೋಗಿ ನೋಡಿದರೆ ಮೂರನೆಯ ತೂಬಿನ ಕೆಳಗೆ ಯಾರೋ ಕಲ್ಲು ಕೊಟ್ಟು ಎತ್ತಿಟ್ಟಿದ್ದರು.

ನಾಲೆಯಲ್ಲಿ ನೀರಿರುವ ದಿನಗಳಲ್ಲಿ ಅವರು ಯಾರ ಮನೆಯ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ನೀರು ನಿಂತ ದಿನ ತಾವಾಗಿಯೇ ಬಂದು ಜಗಲಿಯಲ್ಲಿ ಕೂತು, "ಇವತ್ತು ಕುಡೀತೀನಿ, ಕೊಡಿ ದೊಡ್ಡವ್ವಾ" ಎಂದು ನನ್ನ ಅಕ್ಕನನ್ನು ಕೇಳುತ್ತಿದ್ದರು. ಮದುವೆಯಾಗದ ನನಗೂ ಗಂಡನನ್ನು ಕಳೆದುಕೊಂಡ ಅಕ್ಕನಿಗೂ ಒಂದೇ ಮನೆ. ಅವಳ ಸೊಂಟದ ಮೂಳೆ ಮುರಿಯುವುದಕ್ಕೆ ಮುಂಚಿನ ಮಾತು ಇದು. ಈಗ ಅವಳು ಹಿಂದಿನ ಕೋಣೆಯ ಮಂಚದಿಂದ ಇಳಿಯಲಾರಳು. ಆ ಕೋಣೆಯ ಗೋಡೆಗೂ ನಾಲೆಯ ಏರಿಗೂ ನಡುವೆ ಹದಿನೈದು ಹೆಜ್ಜೆ.

ನಾಲೆ ಅಲ್ಲಿ ಎತ್ತರದ ಏರಿಯ ಮೇಲೆ ಹಾದುಹೋಗುತ್ತದೆ, ಎರಡು ಕಡೆಯೂ ತಗ್ಗು. ಈ ಕಡೆ ಒಂಟಿಯಾಗಿ ನಮ್ಮ ಮನೆ. ಆ ಕಡೆ ಹನ್ನೊಂದು ಮನೆಗಳ ಒಂದು ಬೀದಿ. ಸೌಡಿಯ ಮನೆ ಆ ಬೀದಿಯಲ್ಲಿ, ಬಾಗಿಲ ಮೇಲೆ ಬುದ್ಧನ ಪಟವಿದ್ದ ಮನೆ. ಆ ಬೀದಿಯವರೊಬ್ಬರು ನಮ್ಮ ಕಡೆಯ ಹಿಡುವಳಿದಾರರ ಎದುರು ನಿಂತು "ಸಾಕು, ಮುಚ್ಚಿ" ಎನ್ನಲು ಆ ಖಾಕಿ ಅಂಗಿ ಬಿಟ್ಟರೆ ಬೇರೆ ಯಾವ ದಾರಿಯೂ ಇರಲಿಲ್ಲ. ಖಾಕಿಯಲ್ಲಿದ್ದಾಗ ಜನ "ಬನ್ನಿ ಸೌಡ್ರೇ" ಎನ್ನುತ್ತಿದ್ದರು. ನಿವೃತ್ತಿಯಾದ ಮಾರನೆಯ ದಿನದಿಂದ ಅದೇ ಜನ "ಬಾ" ಎಂದರು. ನಾನು ಮೊದಲಿನಿಂದಲೂ "ಬಾ" ಎಂದವನೇ. ಈಗ ಬಹುವಚನದಲ್ಲಿ ಬರೆಯುತ್ತಿದ್ದೇನೆ.

ಬೈಗುಳ ಅವರಿಗೆ ಅಭ್ಯಾಸವಾಗಿತ್ತು. ನೀರು ಕಡಿಮೆಯಾದರೆ ಕೆಳಗಿನವರು ಬೈಯುವರು, ಮುಚ್ಚಿದರೆ ಮೇಲಿನವರು ಬೈಯುವರು. "ನಮ್ ಕಂದಾಯ್ದಲ್ಲಿ ಉಂಡ್ಕಂಡು ನಮ್ಗೇ ನೀರಿಲ್ಲ ಅಂತೀಯಲ್ಲಾ" ಎಂದು ಯಾರೋ ಕೂಗಿದಾಗ ನಾನು ಪಕ್ಕದಲ್ಲೇ ಇದ್ದೆ. ಅವರು ಹಿಡಿ ತಿರುಗಿಸುವುದನ್ನು ನಿಲ್ಲಿಸಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ತೂಬು ತಿರುಗ್ಸೋಕೆ ಯಾರಾರೂ ಆಯ್ತದೆ ಸಾ. ಸರ್ಕಾರ ನಂಗೆ ಸಂಬ್ಳ ಕೊಡೋದು ಬೈಸ್ಕಳೋಕೆ."

ನಾನು ನಕ್ಕೆ. ನನಗೆ ಆಗ ಸರ್ಕಾರದ ವಿಷಯದಲ್ಲಿ ಬೇರೆಯೇ ಅಭಿಪ್ರಾಯವಿತ್ತು. ಮಳವಳ್ಳಿ ಕಡೆಯ ಒಂದು ವಿದ್ಯಾರ್ಥಿನಿಲಯದಲ್ಲಿ ಮೂವತ್ತೊಂದು ವರ್ಷ ವಾರ್ಡನ್ ಆಗಿದ್ದವನು ನಾನು. ಐದಕ್ಕೆ ಗಂಟೆ, ಆರಕ್ಕೆ ಓದು, ಎಂಟಕ್ಕೆ ತಿಂಡಿ. ಅಡುಗೆಮನೆ, ನೀರಿನ ತೊಟ್ಟಿ, ಅಂಗಳ ಎಲ್ಲವನ್ನೂ ಹುಡುಗರೇ ಪಾಳಿಯ ಮೇಲೆ ನೋಡಿಕೊಳ್ಳುತ್ತಿದ್ದರು. ಶಿಸ್ತಿದ್ದರೆ ಮೇಲೊಬ್ಬ ಅಧಿಕಾರಿ ಯಾಕೆ ಎಂದು ನನಗೆ ಪ್ರಾಮಾಣಿಕವಾಗಿ ಅನ್ನಿಸುತ್ತಿತ್ತು. ತೆರಿಗೆ ಕಟ್ಟಿ, ಆ ದುಡ್ಡು ಮೇಲಕ್ಕೆ ಹೋಗಿ, ಸವೆದು, ಒಂದು ತೂಬಿನ ಹಿಡಿಯಾಗಿ ವಾಪಸು ಬರುವ ಬದಲು ಊರಿನವರೇ ತಮ್ಮ ತೂಬು ತಾವು ತಿರುಗಿಸಿಕೊಂಡರೆ ಆಗದೇ? ಅಂಗಡಿ ಜಗಲಿಯಲ್ಲಿ ಇದನ್ನು ನಾನು ಅನೇಕ ಸಲ ಹೇಳಿದ್ದೇನೆ. ಮನೆಯಲ್ಲಿ ಹೇಳಿದಾಗ ಅಕ್ಕ ಮಂಚದಿಂದಲೇ ಕೇಳಿದಳು:

"ಸರ್ಕಾರ ಬ್ಯಾಡ ಅಂತೀಯಲ್ಲ, ತಿಂಗ್ಳು ತಿಂಗ್ಳು ಪಿಂಚಣಿ ಯಾರ್ ಕೊಡ್ತಾರ್ಲಾ, ನಿಮ್ಮಪ್ಪನಾ?"

"ನಮ್ಮಪ್ಪ ನಿಂಗೂ ಅಪ್ಪನೇ" ಎಂದೆ.

ಸೌಡಿ ನಿವೃತ್ತರಾದರು. ತೂಬಿನ ಹಿಡಿ, ಹಳೆಯ ಪುಸ್ತಕ ಎಲ್ಲವನ್ನೂ ಕಚೇರಿಗೆ ಒಪ್ಪಿಸಿ ಬಂದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಆಗ ಊರಿನಲ್ಲಿ ಸಭೆ ಸೇರಿತು. ಸೌಡಿಯನ್ನು ಕೊಡದ ಸರ್ಕಾರಕ್ಕೆ ನೀರಿನ ಕಂದಾಯ ಯಾಕೆ ಕಟ್ಟಬೇಕು ಎಂದು ಮಾತು ಬಂತು. ಕಟ್ಟುವುದಿಲ್ಲವೆಂಬ ಅರ್ಜಿಯನ್ನು ಬರೆದವನು ನಾನು. ನಾಲೆಯನ್ನು ನಾವೇ ನೋಡಿಕೊಳ್ಳುತ್ತೇವೆಂದು ಪಾಳಿಯ ಪಟ್ಟಿ ಮಾಡಿದವನೂ ನಾನೇ. ತೂಬಿಗೊಬ್ಬ ಯಜಮಾನ, ಅವನಿಗೊಂದು ಹಿಡಿ, ದಿನ, ಹೊತ್ತು, ಒಂಬತ್ತು ನಿಯಮ. ನಾಲ್ಕನೆಯ ನಿಯಮ ಹೀಗಿತ್ತು: ಮಳೆ ಬಂದಾಗ ಪ್ರತಿಯೊಬ್ಬರೂ ತಮ್ಮ ತೂಬನ್ನು ತಪ್ಪದೆ ಮುಚ್ಚತಕ್ಕದ್ದು.

ಪಟ್ಟಿಯನ್ನು ಸೌಡಿಗೆ ತೋರಿಸಿದೆ. ಅವರು ಬೆರಳಿಟ್ಟು ನಿಧಾನವಾಗಿ ಓದಿದರು. "ಚೆನ್ನಾಗೈತೆ ಸಾ. ಬೈಸ್ಕಳೋರು ಯಾರು ಅಂತ ಬರ್ದಿಲ್ಲ" ಎಂದರು. ತಮಾಷೆ ಎಂದುಕೊಂಡೆ.

ಆ ಬೇಸಿಗೆ ಬೆಳೆ ನಮ್ಮ ಪಟ್ಟಿಯ ಮೇಲೆಯೇ ನಡೆಯಿತು. ಒಂದೇ ಒಂದು ಜಗಳವಾಗಲಿಲ್ಲ. ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಕೊನೆಯ ಎರಡು ತೂಬಿಗೆ ನೀರೇ ತಲುಪಲಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆ ತೂಬುಗಳ ಕೆಳಗಿರುವುದು ಆಚೆ ಬೀದಿಯವರ ತುಂಡು ಗದ್ದೆಗಳು. ಕೇಳಲು ಅವರಿಗೆ ಧೈರ್ಯವಿರಲಿಲ್ಲ, ಅದಕ್ಕೇ ಜಗಳವಿರಲಿಲ್ಲ. ಇನ್ನೊಂದು ಸಂಗತಿಯೂ ನನ್ನ ಗಮನಕ್ಕೆ ಬರಲಿಲ್ಲ. ನಾಲೆ ತುಂಬಿದರೆ ಹೆಚ್ಚಿನ ನೀರು ಹಳ್ಳಕ್ಕೆ ಹೋಗಲು ಒಂದು ಕೊರಕಲು ಇತ್ತು. ಸೌಡಿ ವರ್ಷವೂ ನಿಂತು ಅದನ್ನು ಸವರಿಸುತ್ತಿದ್ದರು. ಆ ವರ್ಷ ಯಾರೋ ಅದನ್ನು ಮುಚ್ಚಿ ಎರಡು ಸಾಲು ಕಬ್ಬು ಹಾಕಿಕೊಂಡಿದ್ದರು.

ಹಸ್ತದ ಮಳೆ ಹಿಡಿಯಿತು. ಮೂರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೊಡೆ ಹಿಡಿದು ಏರಿಯ ಮೇಲೆ ಹೋದೆ. ಹದಿನಾಲ್ಕಕ್ಕೆ ಹದಿನಾಲ್ಕು ತೂಬೂ ಮುಚ್ಚಿತ್ತು. ಒಬ್ಬನೂ ತಪ್ಪಿರಲಿಲ್ಲ. ನನಗೆ ಮೊದಲು ಸಂತೋಷವಾಯಿತು.

ಯಾರ ಗದ್ದೆಗೂ ಬೇಡವಾದ ನೀರು ಎಲ್ಲಿ ಹೋಗಬೇಕು? ನಾಲೆಯಲ್ಲೇ ಏರುತ್ತಿತ್ತು. ಏರಿಯ ಅಂಚಿಗೆ ಒಂದು ಗೇಣು ಉಳಿದಿತ್ತು. ನಾನು ನೋಡುತ್ತಿದ್ದಂತೆಯೇ ದಡದ ಒಂದು ಹುಲ್ಲಿನ ಗರಿ ಮುಳುಗಿತು. ಕಚೇರಿಗೆ ಫೋನ್ ಮಾಡಿದೆ. ಮೇಲಿನ ಗೇಟು ಇಳಿಸಿಯಾಗಿದೆ, ಆದರೆ ಈಗಾಗಲೇ ನಾಲೆಯಲ್ಲಿರುವ ನೀರು ಇಳಿಯಲು ಮೂರು ಗಂಟೆ ಹಿಡಿಯುತ್ತದೆ ಎಂದರು. ಇಲ್ಲಿಗೆ ಯಾರಾದರೂ ಬರುತ್ತೀರಾ ಎಂದೆ. "ಅಲ್ಲಿ ನಮ್ಮ ಸೌಡಿ ಇಲ್ವಲ್ಲ ಸಾರ್, ನೀವೇ ನೋಡ್ಕೊತೀವಿ ಅಂತ ಬರ್ಕೊಟ್ಟಿದ್ರಿ" ಎಂದರು. ಬರೆದುಕೊಟ್ಟವನು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ.

ಇಳಿದು ಬಂದು ನೋಡಿದರೆ ನಮ್ಮ ಹಿತ್ತಿಲ ಕಡೆ ಏರಿಯ ಬುಡದಲ್ಲಿ, ಒಂದು ಏಡಿ ಬಿಲದಿಂದ ನೀರು ಜಿನುಗುತ್ತಿತ್ತು. ಒಳಗಿನಿಂದ ಅಕ್ಕ, "ಏನ್ಲಾ ಅದು, ಯಾರ್ ಕೊಡ ಬಗ್ಗುಸ್ತಾವ್ರೆ?" ಎಂದಳು. ಶಬ್ದ ಅವಳ ಮಂಚದವರೆಗೂ ಕೇಳುತ್ತಿತ್ತು. ನಾನು ಏನೂ ಇಲ್ಲ ಎಂದೆ. ಅವಳನ್ನು ನಾನೊಬ್ಬನೇ ಎತ್ತಲಾರೆ. ಎತ್ತಿದರೂ ಕೆಸರಿನಲ್ಲಿ ನಾಲ್ಕು ಹೆಜ್ಜೆ ನಡೆಯಲಾರೆ.

ನಾಲೆಯ ಕಾಲುಸೇತುವೆ ದಾಟಿ ಸೌಡಿಯ ಮನೆಗೆ ಓಡಿದೆ. ಅವರು ಆಗಲೇ ಗುದ್ದಲಿ ಹೆಗಲಿಗಿಟ್ಟು ಬೀದಿಯ ತುದಿಗೆ ಬಂದಿದ್ದರು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಶಾಲೆಯ ದಿಬ್ಬದ ಕಡೆ ಹೊರಟಿದ್ದರು. ನಮ್ಮ ಹಿತ್ತಿಲಿನ ಜಿನುಗನ್ನು ತೋರಿಸಿದೆ. ಅವರು ಬೊಗಸೆಯಲ್ಲಿ ಹಿಡಿದು ನೋಡಿದರು.

"ತಿಳಿಯಾಗೈತೆ. ತಿಳಿನೀರು ಬಂದ್ರೆ ಎದರ್ಬಾರ್ದು. ಕೆಂಪುಗೆ ಬಂದ್ರೆ ಮಣ್ಣು ಕಿತ್ಕೊಂಡ್ ಬತ್ತಾ ಐತೆ ಅಂತ."

ಆಮೇಲೆ ಏರಿ ಹತ್ತಿ ಆ ಕಡೆಗೆ, ತಮ್ಮ ಬೀದಿಯ ಕಡೆಗೆ ಇಳಿದರು. ನಾನು ಮೇಲೆ ನಿಂತೇ ನೋಡಿದೆ. ಅಲ್ಲೂ ಒಂದು ಕಡೆ ನೀರು ಬರುತ್ತಿತ್ತು. ಅದು ಕೆಂಪಗಿತ್ತು.

ಅವರು ಬಹಳ ಹೊತ್ತು ಅದನ್ನೇ ನೋಡಿದರು. ಹತ್ತಿ ಬಂದು ನಮ್ಮ ಮನೆಯ ಹಿಂದೆ ಏರಿಯ ಮೇಲೆ ಒಂದು ಕಡೆ ಗುದ್ದಲಿಯನ್ನು ಊರಿಟ್ಟರು. ಬೀದಿಯಿಂದ ನಾಲ್ಕು ಜನರನ್ನು ಕೂಗಿ, "ಮೊದ್ಲು ದೊಡ್ಡವ್ವನ್ನ ಎತ್ತಿ. ಮಂಚ ಸಮೇತ. ಸ್ಕೂಲ್ ಜಗ್ಲಿಗೆ" ಎಂದರು.

"ನಮ್ಮ ಕಡೆ ತಿಳಿನೀರು ಅಂದ್ಯಲ್ಲ?" ಎಂದೆ.

"ಎತ್ಲಿ ಬುಡಿ ಸಾ."

ನಾಲ್ವರು ಮಂಚಕ್ಕೆ ಹೆಗಲು ಕೊಟ್ಟರು. ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಿದರು. ಆ ಮಳೆಯಲ್ಲೂ ಅಕ್ಕ ಸುಮ್ಮನಿರಲಿಲ್ಲ. "ನಾಕ್ ಜನ ಓರೋ ದಿನ ಇವತ್ತೇ ಬಂದ್ಬುಡ್ತೇನ್ರಪ್ಪಾ. ಮೆತ್ಗೆ ಓಗಿ, ನಾನಿನ್ನೂ ಸತ್ತಿಲ್ಲ" ಎಂದಳು. ಹೊರುತ್ತಿದ್ದವನೊಬ್ಬ ನಕ್ಕು ಜಾರಿದ. ನಾನು ಒಂದು ಕೈಯಲ್ಲಿ ಮಂಚದ ಕಾಲು, ಇನ್ನೊಂದರಲ್ಲಿ ಕೊಡೆ ಹಿಡಿದು ಜೊತೆಗೆ ಹೋದೆ.

ವಾಪಸು ಬಂದಾಗ ಸೌಡಿ ತೂಬು ಎತ್ತಿಸಲು ಹೊರಟಿದ್ದರು. ಮೊದಲು ಎತ್ತಿದ್ದು ತಮ್ಮದೇ ಅರ್ಧ ಎಕರೆಯ ತೂಬು. ನೋಡುತ್ತಿದ್ದಂತೆ ಅವರ ಪೈರು ಮಲಗಿತು. ಆಮೇಲೆ ಎರಡು ತೂಬುಗಳವರು ಗೊಣಗುತ್ತಾ ಎತ್ತಿದರು. ಆರನೆಯ ತೂಬು ನಮ್ಮ ದಾಯಾದಿಯೊಬ್ಬನದು. ಕೆಳಗೆ ಒಂದೇ ಹಾಸಿನಲ್ಲಿ ಹನ್ನೆರಡು ಎಕರೆ, ತೆನೆ ಹಾಲುಗಟ್ಟಿದ ಭತ್ತ. ಅದನ್ನು ಎತ್ತದಿದ್ದರೆ ಉಳಿದವನ್ನು ಎತ್ತಿಯೂ ಪ್ರಯೋಜನವಿಲ್ಲ. ಅವನು ತೂಬಿನ ಕಟ್ಟೆಯ ಮೇಲೆ ಹಿಡಿಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

"ಎತ್ತು ಅಂತ ಯಾರ್ ಏಳಿದ್ದು?"

"ನಾನೇ" ಎಂದರು ಸೌಡಿ.

"ನೀನ್ ರಿಟೇರ್ ಆಗಿಲ್ವೇನ್ಲಾ?"

"ಆಗಿವ್ನಿ."

"ಮತ್ತೆ?"

"ಮತ್ತೇನಿಲ್ಲ. ನೀರು ಬತ್ತಾ ಐತೆ."

ನಾನು ಮುಂದೆ ಹೋಗಿ, "ಪಟ್ಟಿ ಮಾಡಿದವನು ನಾನು, ಎತ್ತು" ಎಂದೆ. ಅವನು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. "ನಿನ್ ಪಟ್ಟೀಲಿ ನಾಕ್ನೇದು ಏನೈತೆ ಓದ್ಕಂಡ್ ಬಾ ಓಗು. ಮಳೆ ಬಂದ್ರೆ ಮುಚ್ಚು ಅಂತ ಬರ್ದೋನು ನೀನೇ ಅಲ್ವೇನ್ಲಾ ವಾರ್ಡನ್ನು?"

ಮಳೆ ಸುರಿಯುತ್ತಿತ್ತು. ಹಿಂದೆ ಬೀದಿಯ ಕಡೆಯಿಂದ ಯಾರೋ, ಕೆಂಪು ಜಾಸ್ತಿಯಾಯ್ತು ಎಂದು ಕೂಗಿದರು. ಸೌಡಿ ತಿರುಗಿ ಮನೆಯ ಕಡೆ ನಡೆದರು. ಕೈಬಿಟ್ಟರು ಎಂದುಕೊಂಡೆ. ನನ್ನ ಬದುಕಿನಲ್ಲಿ ಅಷ್ಟು ಉದ್ದದ ಹತ್ತು ನಿಮಿಷ ಬೇರೆ ಇಲ್ಲ. ಅವರು ವಾಪಸು ಬಂದಾಗ ಮೈಮೇಲೆ ಹಳೆಯ ಖಾಕಿ ಅಂಗಿಯಿತ್ತು. ತೋಳಿನ ಹತ್ತಿರ ಇಲಿ ಕಡಿದಿತ್ತು, ಗುಂಡಿ ಹಾಕಲು ಸಮಯವಿರಲಿಲ್ಲ.

"ಆರ್ನೇ ತೂಬು ಎತ್ತಿ" ಎಂದರು. ದನಿ ಮೊದಲಿನದೇ.

ಆ ಅಂಗಿಗೆ ಈಗ ಯಾವ ಅಧಿಕಾರವೂ ಇಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ನಮ್ಮ ದಾಯಾದಿ ಎದ್ದ. ಎದ್ದು ಬೈದ. ಅವರ ಬೀದಿಯನ್ನು ಎತ್ತಿ ಬೈದ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಬೈಯುತ್ತಲೇ ಹಿಡಿ ತಿರುಗಿಸಿದ. ನೀರು ಅವನ ಗದ್ದೆಗೆ ನುಗ್ಗಿತು. ಅರ್ಧ ಗಂಟೆಯಲ್ಲಿ ನಾಲೆ ನಾಲ್ಕು ಬೆರಳು ಇಳಿಯಿತು. ಬೀದಿಯ ಕಡೆಯ ಕೆಂಪು ನಿಧಾನವಾಗಿ ತಿಳಿಯಾಯಿತು.

ಏರಿ ಉಳಿಯಿತು. ಆದರೆ ನಾಲ್ಕು ತೂಬುಗಳ ಕೆಳಗಿನ ಬೆಳೆ ಹೋಯಿತು. ಪರಿಹಾರ ಯಾರನ್ನು ಕೇಳುವುದು? ನೀರು ಬಿಟ್ಟದ್ದು ಸರ್ಕಾರವಲ್ಲ. ಜನ ಸೌಡಿಯ ಮನೆಯ ಮುಂದೆ ಹೋಗಿ ನಿಂತರು. ಅವರು ಬಾಗಿಲಲ್ಲಿ ನಿಂತು ಎಲ್ಲವನ್ನೂ ಬೈಸಿಕೊಂಡರು. ಆ ಕೆಲಸಕ್ಕೆ ಈಗ ಸಂಬಳವಿರಲಿಲ್ಲ. ಆ ವಾರವೇ ನಾನು ಬಾಕಿ ನಿಂತಿದ್ದ ನೀರಿನ ಕಂದಾಯ ಕಟ್ಟಿಬಂದೆ, ಸೌಡಿಯನ್ನು ಕೊಡಿ ಎಂದು ಅರ್ಜಿ ಹಾಕಿದೆ. ತಿಂಗಳಿಗೊಂದರಂತೆ ಇಂದಿಗೂ ಹಾಕುತ್ತಿದ್ದೇನೆ.

ಕಳೆದ ತಿಂಗಳು ಅವರನ್ನು ಮಂಡ್ಯದ ಆಸ್ಪತ್ರೆಯಿಂದ ಮನೆಗೆ ಕರೆತಂದರು. ಎದೆಯ ಕಾಯಿಲೆ. ನೋಡಲು ಹೋದೆ. ಗೋಡೆಗೆ ಒರಗಿ ಕೂತಿದ್ದರು. ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ: "ಅವತ್ತು ಅವನು ಎತ್ತದೇ ಇದ್ದಿದ್ರೆ ಏನ್ಮಾಡ್ತಿದ್ದೆ?"

ಅವರು ಕೆಮ್ಮಿ, ಸುಧಾರಿಸಿಕೊಂಡು ನನ್ನ ಮುಖ ನೋಡಿದರು.

"ನಿಮ್ಮನೆ ಇಂದೆ ಗುದ್ಲಿ ಮಡಗಿದ್ನಲ್ಲ ಸಾ, ಅಲ್ಲಿ ಕಡೀತಿದ್ದೆ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಏರಿ ಅದ್ರ ಪಾಡ್ಗೆ ಒಡದ್ರೆ ನಮ್ ಬೀದಿ ಕಡೆ ಒಡೀತಿತ್ತು. ಅನ್ನೊಂದ್ ಮನೆ. ನಾನೇ ಕಡದ್ರೆ ನಿಮ್ಮನೆ ಒಂದು. ನನ್ ಮನೇನೂ ಆ ಅನ್ನೊಂದ್ರಲ್ಲಿ ಐತೆ, ಇಲ್ಲ ಅನ್ನಕ್ಕಿಲ್ಲ. ಅದ್ಕೇ ದೊಡ್ಡವ್ವನ್ನ ಮೊದ್ಲು ಎತ್ಸಿದ್ದು."

ನಾನು ಎದ್ದು ಬಂದೆ. ಆ ಗುದ್ದಲಿ ಬಿಲ ಮುಚ್ಚಲು ಎಂದು ನಾನು ಇಷ್ಟು ದಿನ ನಂಬಿದ್ದೆ. ಅವರ ಲೆಕ್ಕ ತಪ್ಪೆಂದು ಹೇಳಲು ಆವತ್ತೂ ನನ್ನಿಂದಾಗಲಿಲ್ಲ, ಇಂದಿಗೂ ಆಗುತ್ತಿಲ್ಲ. ಮತ್ತೆ ಹೋಗಿ ನೋಡಬೇಕೆಂದುಕೊಳ್ಳುವಷ್ಟರಲ್ಲಿ ಅವರು ಹೋಗಿಬಿಟ್ಟರು.

ಮಣ್ಣು ಮುಗಿಸಿ ಬಂದ ದಿನ ಇದನ್ನು ಅಕ್ಕನಿಗೆ ಹೇಳಿದೆ. ಹೇಳಬಾರದೆಂದಿದ್ದೆ. ಅವಳು ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಹಿತ್ತಿಲ ಗೋಡೆಯ ಕಡೆ ಮುಖ ತಿರುಗಿಸಿದಳು.

"ಅಂಗಾರೆ ಕಡಿಯೋ ಮುಂಚೆ ನನ್ನ ಎತ್ಸಿದ್ನಲ್ಲ" ಎಂದಳು. "ಇನ್ಮೇಲೆ ಕಡಿಯೋರು ಎತ್ಸಿ ಕಡೀತಾರೇನ್ಲಾ?"